ಹಿಂದಿನ ಗೇಟಿನಿಂದ ಹೋದ ಕಾರುಗಳು

ಕೊಪ್ಪಳದಲ್ಲಿ ನಾನು ಡಿಪ್ಲೊಮಾ ಮುಗಿಸುವ ಹೊತ್ತಿಗೆ ಬೇರೆ ರಾಜ್ಯದ ಬಂದರಿನ ಊರೊಂದರಲ್ಲಿ ಕಾರ್ಖಾನೆ ಇದ್ದ ಒಂದು ವಿದೇಶಿ ಕಾರು ಕಂಪನಿಯವರು ಕೆಲಸಕ್ಕೆ ಹುಡುಗರನ್ನು ಆರಿಸಿಕೊಳ್ಳಲು ನಮ್ಮ ಕಾಲೇಜಿಗೆ ಬಂದಿದ್ದರು. ಅವರು ಕೇಳಿದ ಪ್ರಶ್ನೆಗಳು ಕಡಿಮೆ. ಕಣ್ಣಿಗೆ ಬಟ್ಟೆ ಕಟ್ಟಿ ಬೋಲ್ಟಿಗೆ ನಟ್ಟು ಹಾಕಲು ಹೇಳಿದರು. ಅದರಲ್ಲಿ ಪಾಸಾದವರಲ್ಲಿ ನಾನೂ ಒಬ್ಬ. ಅಂದೇ ಬಸ್ಸು ಹಿಡಿದು ಯಲಬುರ್ಗಾಕ್ಕೆ ಹೋದೆ. ನಮ್ಮೂರು ಮಂಗಳೂರು, ಯಲಬುರ್ಗಾ ಕಡೆಯ ಮಂಗಳೂರು. ಆದರೆ ಅಪ್ಪ ಹಗಲೆಲ್ಲ ಇರುತ್ತಿದ್ದುದು ಯಲಬುರ್ಗಾದ ಅಡತ್ ಅಂಗಡಿಯಲ್ಲಿ. ರೈತರು ತಂದ ಕಾಳುಕಡಿಯನ್ನು ಹೊರಗಿನ ವ್ಯಾಪಾರಿಗಳಿಗೆ ಕುದುರಿಸಿ ಕೊಡುವುದು ಅವರ ಕೆಲಸ.

ನಾನು ಸುದ್ದಿ ಹೇಳಿದೆ. ಅಪ್ಪ ಸಂತೋಷಪಡಲಿಲ್ಲ.

"ಅವರ ಕಾರ್ಖಾನಿ ಇರೋ ಊರಾಗ ಹುಡುಗೂರು ಇಲ್ಲೇನು?" ಎಂದರು.

"ಅದಾರಪ್ಪಾ. ಆದ್ರ ನಮ್ಮ ಕಡೆಯವರೂ ಬೇಕಂತ."

"ಯಾಕ ಬೇಕಂತ? ಸಮುದ್ರದ ದಂಡಿ ಬಿಟ್ಟು ಇಲ್ಲೀತನಕ ಯಾಕ ಬಂದ್ರು ಅಂತ ಕೇಳಿದೇನು?"

ನಾನು ಕೇಳಿರಲಿಲ್ಲ. ಕೆಲಸ ಕೊಡುತ್ತೇವೆ ಎಂದು ಮನೆ ಬಾಗಿಲಿಗೆ ಬಂದವರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ? ಅಪ್ಪ ನನ್ನನ್ನು ತಡೆಯಲಿಲ್ಲ. ಆದರೆ ಬಸ್ಸು ಹತ್ತಿಸಲು ಬಂದಾಗ ಇಷ್ಟು ಹೇಳಿದರು: "ಗುರುತಿಲ್ಲದ ವ್ಯಾಪಾರಿ ಬಂದು ಮಾಲು ನೋಡಲಾರದ ಛಲೋ ರೇಟು ಹೇಳಿದ್ರ, ನಾ ಅವನ ಮುಖ ನೋಡೂದಿಲ್ಲ, ಗಾಡಿ ನೋಡತೀನಿ. ಎತ್ತು ಬಿಚ್ಚ್ಯಾನೋ, ಹಂಗ ಹೂಡಿಕೊಂಡ ನಿಂತಾನೋ ಅಂತ. ನೀನೂ ನೋಡಕೋತ ಇರು."

ಆ ಬಂದರಿನ ಊರಿನ ಹೆಸರನ್ನೂ ಕಂಪನಿಯ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಕೆಲಸ ಬಿಡುವಾಗ ನಮ್ಮಿಂದ ಏನೇನಕ್ಕೋ ಸಹಿ ಮಾಡಿಸಿಕೊಂಡಿದ್ದಾರೆ. ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂಬುದು ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ.

ಕಾರ್ಖಾನೆಯಲ್ಲಿ ನನ್ನ ಕೆಲಸ ಬಾಗಿಲು ಕೂಡಿಸುವುದು. ಬಣ್ಣ ಬಳಿದ ಕಾರಿನ ಮೈ ಒಂದು ಕಡೆಯಿಂದ ಬರುತ್ತದೆ, ಬಾಗಿಲುಗಳು ಇನ್ನೊಂದು ಕಡೆಯಿಂದ ತೂಗಾಡುತ್ತ ಬರುತ್ತವೆ. ಎರಡನ್ನೂ ಸೇರಿಸಿ, ಸುತ್ತಲಿನ ಸಂದು ಒಂದೇ ಸಮ ಇದೆಯೇ ಎಂದು ನೋಡಬೇಕು. ನನಗೆ ಆ ಕೆಲಸ ಕಲಿಸಿದವರು ಲೈನಿನ ಹಿರಿಯರೊಬ್ಬರು. ಎಲ್ಲರಂತೆ ನಾನೂ ಅವರನ್ನು ಅಣ್ಣ ಎಂದೇ ಕರೆದೆ. ಅವರ ಮನೆಯ ಮಾಳಿಗೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಮದುವೆಯಾದ ಮೇಲೆ ಗಂಗಾವತಿಯಿಂದ ಹೆಂಡತಿಯನ್ನು ಕರೆದುಕೊಂಡು ಬಂದದ್ದೂ ಅದೇ ಕೋಣೆಗೆ. ತೆಲುಗರ ಕ್ಯಾಂಪುಗಳಿರುವ ಕಾಲುವೆ ಸೀಮೆಯಲ್ಲಿ ಬೆಳೆದ ಅವಳಿಗೆ ತೆಲುಗು ಬರುತ್ತಿತ್ತು. ಅಣ್ಣನ ಹೆಂಡತಿಯ ತವರಿನ ಮಾತೂ ತೆಲುಗು. ಬಂದ ವಾರದಲ್ಲೇ ಅವರಿಬ್ಬರೂ ನೀರಿನ ನಲ್ಲಿಯ ಹತ್ತಿರ ನಿಂತು, ನನಗೆ ತಿಳಿಯದ ಭಾಷೆಯಲ್ಲಿ ನನ್ನನ್ನೇ ನೋಡಿ ನಗುವಷ್ಟು ಹತ್ತಿರವಾದರು. ಅಣ್ಣನ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು; ಅಕ್ಕ ದಿನಾ ಸಂಜೆ ಮಲ್ಲಿಗೆ ಕಟ್ಟುವಾಗ ಒಂದು ತುಂಡು ಇವಳಿಗೂ ಕಳಿಸುತ್ತಿದ್ದಳು.

ಅಣ್ಣ ನನ್ನಿಂದ ಕನ್ನಡ ಕಲಿತರು. ನಾನು ಆಡಿದ್ದನ್ನೇ ಕಲಿತದ್ದರಿಂದ ಅವರ ಬಾಯಲ್ಲಿ ಬರುತ್ತಿದ್ದುದು ಯಲಬುರ್ಗಾದ ಕನ್ನಡ. "ಏನಪಾ ತಮ್ಮಾ, ಊಟ ಆತೇನು?" ಎಂದು ಅವರು ಲೈನಿನ ಆ ತುದಿಯಿಂದ ಕೂಗಿದರೆ ನಾನು ಒಂದು ಗಳಿಗೆ ಊರಿಗೆ ಹೋಗಿಬಂದಂತಾಗುತ್ತಿತ್ತು.

ಕಾರ್ಖಾನೆಯ ಚರಿತ್ರೆ ನನಗೆ ಗೊತ್ತಾದದ್ದು ಅವರಿಂದ. ಅಲ್ಲಿ ಮೊದಲು ಇದ್ದದ್ದು ಉಪ್ಪಿನ ಪಾತಿಗಳು. ಅದರಲ್ಲೊಂದಿಷ್ಟು ಅಣ್ಣನ ತಂದೆಯವು. ನೆಲ ಕೊಟ್ಟ ಮನೆಗೊಂದು ಕೆಲಸ ಎಂದಿದ್ದರು, ಅಣ್ಣನಿಗೆ ಸಿಕ್ಕಿತು. ಮೊದಮೊದಲು ಬಂದ ವಿದೇಶಿ ಸಾಹೇಬರು ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರಂತೆ. ಮೊದಲ ಕಾರು ಹೊರಬಂದ ದಿನ ಒಬ್ಬ ಸಾಹೇಬ ಅತ್ತೇಬಿಟ್ಟನಂತೆ. ಆಮೇಲೆ ಇಲ್ಲಿಯ ಕಾರುಗಳು ಹಡಗು ಹತ್ತಿ ಹೊರದೇಶಕ್ಕೆ ಹೋಗತೊಡಗಿದವು. ಊರಲ್ಲಿ ಹೊಸ ರಸ್ತೆ, ಹೊಸ ಅಂಗಡಿ, ಹೊಸ ಮಾಳಿಗೆ ಎದ್ದವು. ಸಾಹೇಬರು ಮಾತ್ರ ಬದಲಾಗುತ್ತಲೇ ಹೋದರು. ಕಡೆಗೆ ಬಂದವರು ಗಾಜಿನ ಕೋಣೆ ಕಟ್ಟಿಸಿಕೊಂಡು ಅದಕ್ಕೆ ಪರದೆ ಹಾಕಿಸಿದರು.

"ಗಾಜಿನ ಕೋಲಿ ಕಟ್ಟಿಸಿ ಪರದೆ ಹಾಕಾವ್ರು, ಗ್ವಾಡಿ ಯಾಕ ಕಟ್ಟಿಸಲಿಲ್ಲ?" ಎಂದು ಅಣ್ಣ ಒಮ್ಮೆ ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ದೂರದ ಊರುಗಳಿಂದ ಹುಡುಗರನ್ನು ಯಾಕೆ ತರುತ್ತಾರೆ ಎಂದು ಹೇಳಿದವರೂ ಅವರೇ. ಒಂದೇ ಊರಿನವರಾದರೆ ಬೇಗ ಒಟ್ಟಾಗುತ್ತಾರೆ. ಭಾಷೆ ಬೇರೆಯಾದರೆ ಒಬ್ಬರನ್ನೊಬ್ಬರು ನಂಬಲು ಹೊತ್ತು ಹಿಡಿಯುತ್ತದೆ. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಅಣ್ಣ ಅದನ್ನು ನನಗೇಕೆ ಹೇಳಿದರು ಎಂಬ ಹೊಸ ಪ್ರಶ್ನೆ ನನ್ನಲ್ಲಿ ಹುಟ್ಟಿತು.

ಮುಚ್ಚುತ್ತಾರೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಲಕ್ಷಣಗಳು ಮಾತ್ರ ಕಾಣುತ್ತಿದ್ದವು. ಮೊದಲು ರಾತ್ರಿ ಪಾಳಿ ನಿಂತಿತು. ಬೇಡಿಕೆ ಕಡಿಮೆ ಎಂದರು. ಆಮೇಲೆ ಕ್ಯಾಂಟೀನಿನಲ್ಲಿ ಗುರುವಾರದ ಸಿಹಿ ನಿಂತಿತು. ಅಡುಗೆಯವರು ಬದಲಾದರು ಎಂದರು. ಬಿಡಿಭಾಗ ತರುವ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟುತ್ತಿದ್ದುದು ಹೋಗಿ, ಬಂದವು ಬಂದಹಾಗೆ ಒಳಗೆ ಹೋಗತೊಡಗಿದವು. ಒಂದು ಬೆಳಿಗ್ಗೆ ನೋಡಿದರೆ ಯಂತ್ರಗಳ ಮೇಲೆಲ್ಲ ಬಣ್ಣಬಣ್ಣದ ಚೀಟಿ ಅಂಟಿಸಿದ್ದರು, ಕೆಲವಕ್ಕೆ ಹಸಿರು, ಕೆಲವಕ್ಕೆ ಹಳದಿ. ಕೇಳಿದರೆ ಸುರಕ್ಷತೆಗಾಗಿ ಎಂದರು. ಬಣ್ಣದ ವಿಭಾಗದವನೊಬ್ಬ, ಹಸಿರು ಅಂದರೆ ಬಿಚ್ಚಿ ಒಯ್ಯುವುದು, ಹಳದಿ ಅಂದರೆ ಗುಜರಿಗೆ ಎಂದ. ಅವನಿಗೆ ಯಾರು ಹೇಳಿದರು ಎಂದು ಕೇಳಿದ್ದಕ್ಕೆ ಮಾತು ತಪ್ಪಿಸಿದ. ಅಂದಿನಿಂದ ಅವನ ಜೊತೆ ಯಾರೂ ಚಹಾಕ್ಕೆ ಹೋಗಲಿಲ್ಲ.

ಅದೇ ದಿನಗಳಲ್ಲಿ ಒಬ್ಬ ಹೊರದೇಶದವನು ಕ್ಯಾಮೆರಾ ಹಿಡಿದು ನನ್ನ ಪಕ್ಕದಲ್ಲಿ ನಿಂತ. ನನ್ನ ಮುಖ ಅವನಿಗೆ ಬೇಕಿರಲಿಲ್ಲ, ಕೈಗಳು ಮಾತ್ರ. ನಾನು ಬಾಗಿಲನ್ನು ಹೇಗೆ ಎತ್ತಿ ಹಿಡಿಯುತ್ತೇನೆ, ಯಾವ ಬೆರಳಿನಿಂದ ಸಂದು ನೋಡುತ್ತೇನೆ ಎಂಬುದನ್ನೆಲ್ಲ ಚಿತ್ರ ತೆಗೆದುಕೊಂಡ. ತರಬೇತಿಗೆ ಎಂದ. ಯಾರ ತರಬೇತಿಗೆ? ನಮ್ಮಲ್ಲಿ ಹೊಸಬರನ್ನು ತೆಗೆದುಕೊಂಡು ಎಷ್ಟೋ ಕಾಲವಾಗಿತ್ತು. ಸಂಜೆ ಊಟಕ್ಕೆ ಕುಳಿತಾಗ ನನ್ನ ಕೈಗಳನ್ನು ನಾನೇ ನೋಡಿಕೊಂಡೆ.

"ಏನ್ರಿ, ಹಂಗ್ಯಾಕ ಕೈ ನೋಡಾಕತ್ತೀರಿ? ಸುಟ್ಟಾವೇನು?" ಎಂದಳು ಹೆಂಡತಿ.

"ಯಾರೋ ಒಯ್ದಂಗ ಆಗೇತಿ," ಎಂದೆ.

ಆ ಮೇಲೆ ನಡೆದದ್ದು ನಗೆಪಾಟಲಿನ ವಿಷಯ. ನಗುವವರು ಮಾತ್ರ ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ನನ್ನೊಬ್ಬನನ್ನೇ ಗಾಜಿನ ಕೋಣೆಗೆ ಕರೆದರು. ಲೈನಿನ ಎಲ್ಲರೂ ನಾನು ಒಳಗೆ ಹೋಗುವುದನ್ನೂ ಪರದೆ ಬೀಳುವುದನ್ನೂ ನೋಡಿದರು. ಒಳಗೆ ಆಫೀಸಿನ ಹೆಣ್ಣುಮಗಳೊಬ್ಬಳು ನನ್ನ ಮುಂದೆ ಒಂದು ಲಕೋಟೆ ಇಟ್ಟಳು. ನನ್ನ ವಿಮೆಯ ಕಾರ್ಡು. ಅವರು ಅದನ್ನು ಕಡಲ ತೀರದ ಮಂಗಳೂರಿಗೆ ಕಳಿಸಿದ್ದರು. ಅಲ್ಲಿ ನಾನಿಲ್ಲದೆ ಅದು ವಾಪಸು ಬಂದಿತ್ತು. ಇನ್ನೊಂದು ಮಂಗಳೂರು ಇದೆ, ಅದು ಯಲಬುರ್ಗಾ ಕಡೆಯ ಹಳ್ಳಿ, ಅಲ್ಲಿ ಸಮುದ್ರವಿಲ್ಲ ಎಂದು ತಿಳಿಸಿ ಹೇಳಲು ಬಹಳ ಹೊತ್ತು ಹಿಡಿಯಿತು. ಆಕೆ ನಂಬದೆ ಫೋನಿನಲ್ಲಿ ನಕ್ಷೆ ತೆಗೆಸಿ ನೋಡಿದಳು.

ಹೊರಗೆ ಬಂದಾಗ ಅಣ್ಣ ಕೇಳಿದರು: "ಏನಂತ ತಮ್ಮಾ?"

"ನಮ್ಮೂರ ಹೆಸರಿನ ಗೊಂದಲ ಅಣ್ಣಾ. ಕಾರ್ಡು ಬ್ಯಾರೆ ಮಂಗಳೂರಿಗೆ ಹೋಗಿತ್ತಂತ."

ಅಣ್ಣ ತಲೆಯಾಡಿಸಿದರು. ಪಕ್ಕದಲ್ಲಿದ್ದವನು ಅವರ ಭಾಷೆಯಲ್ಲಿ ಏನೋ ಅಂದ. ಅಷ್ಟು ಹೊತ್ತು ಊರಿನ ಹೆಸರನ್ನೇ ಮಾತಾಡಿದರಂತೆ ಎಂಬುದು ಅದರ ಅರ್ಥ. ನನಗೆ ಆ ಭಾಷೆ ಅಷ್ಟು ಮಟ್ಟಿಗೆ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಿಜವೇ ಅಷ್ಟು ಬಡಕಲಾಗಿದ್ದರೆ ಯಾರು ತಾನೇ ನಂಬುತ್ತಾರೆ? ನಾನು ಏನಾದರೂ ದೊಡ್ಡ ಸುಳ್ಳು ಹೇಳಿದ್ದರೆ ನಂಬುತ್ತಿದ್ದರೇನೋ.

ಕೆಲವೇ ದಿನಗಳಲ್ಲಿ ಪಾಳಿಯ ನಡುವೆ ಲೈನ್ ನಿಂತಿತು. ಎಲ್ಲರನ್ನೂ ಕ್ಯಾಂಟೀನಿಗೆ ಕರೆದರು. ಗೋಡೆಯ ಮೇಲಿನ ಪರದೆಯಲ್ಲಿ ಯಾವುದೋ ದೇಶದಲ್ಲಿ ಕುಳಿತ ಒಬ್ಬ ಮಾತಾಡಿದ. ಅವನು ಬಹಳ ಹೊತ್ತು ಮಾತಾಡಿದರೆ ತರ್ಜುಮೆ ಮಾಡುವವನು ಸ್ವಲ್ಪವೇ ಹೇಳುತ್ತಿದ್ದ. ಉಳಿದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆ ನನ್ನ ತಲೆಯಲ್ಲಿ. ಕಡೆಗೆ ತಿಳಿದದ್ದು ಇಷ್ಟು: ಕಾರ್ಖಾನೆ ಮುಚ್ಚುತ್ತದೆ. ಊಟದ ತಟ್ಟೆ ತೊಳೆಯುವ ಕಡೆ ನೀರು ಹರಿಯುವ ಸದ್ದು ಕೇಳುತ್ತಿತ್ತು. ಅಣ್ಣ ಎದ್ದು ಹೋಗಿ ಆ ನಲ್ಲಿಯನ್ನು ನಿಲ್ಲಿಸಿ ಬಂದರು.

ನಾವು ಧರಣಿ ಹೂಡಿ ಮುಂದಿನ ಗೇಟಿನ ಎದುರು ಕೂತೆವು. ಒಳಗಿನ ಬಯಲಿನಲ್ಲಿ ತಯಾರಾದ ಕಾರುಗಳು ಹಡಗಿಗಾಗಿ ಕಾಯುತ್ತಿದ್ದವು. ಕಂಪನಿಯವರು ನಮ್ಮೊಡನೆ ಮಾತಿಗೆ ಬರಬೇಕಾದರೆ ಆ ಕಾರುಗಳನ್ನು ತಡೆಯುವುದೊಂದೇ ದಾರಿ ಎಂದು ಕೆಲವು ಹಿರಿಯರು ಲೆಕ್ಕ ಹಾಕಿದರು. ಬೆಳಕು ಹರಿಯುವ ಮೊದಲು, ಕಾರುಗಳು ಹೊರಗೆ ಹೋಗುವ ಹಿಂದಿನ ಗೇಟಿಗೆ ಹೋಗಿ ಅಡ್ಡ ಕೂಡುವುದು ಎಂದಾಯಿತು. ಆ ಮಾತು ನಾಲ್ಕಾರು ಜನರಲ್ಲೇ ಇರಬೇಕಿತ್ತು. ಸಂಜೆ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಅಣ್ಣ ನನಗೆ ಹೇಳಿದರು.

"ನೀನೂ ಬಾ. ಯಾರ ಮುಂದೂ ಬಾಯಿ ಬಿಡಬ್ಯಾಡ. ನಿನ್ನ ಹೆಂಡ್ತಿ ಮುಂದೂ."

ನಾನು ಯಾರಿಗೂ ಹೇಳಲಿಲ್ಲ. ನಸುಕಿನಲ್ಲಿ ಎದ್ದು ಅಣ್ಣನ ಹಿಂದೆ ನಡೆದೆ. ಹಿಂದಿನ ಗೇಟು ತೆರೆದೇ ಇತ್ತು. ಒಳಗಿನ ಬಯಲು ಖಾಲಿ. ಲಾರಿಗಳ ಗಾಲಿಯ ಗುರುತು ಒದ್ದೆ ಮಣ್ಣಿನಲ್ಲಿ ಇನ್ನೂ ಹಸಿಯಾಗಿತ್ತು. ಒಬ್ಬ ಕಾವಲುಗಾರ ಸ್ಟೂಲಿನ ಮೇಲೆ ಕೂತು ನಮ್ಮನ್ನು ನೋಡಿ ಮುಖ ತಿರುಗಿಸಿದ.

ಕಂಪನಿಯವರಿಗೆ ಯಾರೋ ಹೇಳಿದ್ದಾರೆ ಎಂದು ಒಬ್ಬ ಅವರ ಭಾಷೆಯಲ್ಲಿ ಅಂದ. ಬಂದವರೆಲ್ಲ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ನನ್ನನ್ನು ನೋಡಿದರು. ಗಾಜಿನ ಕೋಣೆಗೆ ಹೋಗಿಬಂದವನು, ಬೇರೆ ಭಾಷೆಯವನು, ಊರೂ ಬೇರೆ. ನಾನು ಅಣ್ಣನ ಮುಖ ನೋಡಿದೆ. ಇವನಲ್ಲ ಎಂದು ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವರು ಬಗ್ಗಿ ಗಾಲಿಯ ಗುರುತನ್ನು ನೋಡುತ್ತ ನಿಂತರು.

ಆ ಕ್ಷಣದಲ್ಲೇ ನನಗೂ ಅವರ ಮೇಲೆ ಅನುಮಾನ ಹುಟ್ಟಿತು. ಅವರನ್ನು ನಾನು ಹಿಂದಿನ ವಾರ ಚಹಾದ ಅಂಗಡಿಯಲ್ಲಿ ಮ್ಯಾನೇಜರನ ಜೊತೆ ನೋಡಿದ್ದೆ. ನನಗೆ ಈ ವಿಷಯ ಹೇಳಿದ್ದೇ ಆಮೇಲೆ ನನ್ನ ಮೇಲೆ ಹಾಕಲೆಂದೇ ಇರಬಹುದಲ್ಲವೇ? ಹೊರಗಿನವನ ಮೇಲೆ ಹಾಕಿದರೆ ಊರಿನವರಲ್ಲಿ ಜಗಳವಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ನನ್ನ ಕಣ್ಣನ್ನೇ ನೋಡುತ್ತ, "ನೀವು ಹೇಳೀರೇನ್ರಿ?" ಎಂದಳು.

"ನೀನೂ ಹಂಗ ಕೇಳತೀಯೇನು?"

"ಕೇಳಿದ್ರ ಏನಾತು? ಇಲ್ಲ ಅಂತ ಹೇಳ್ರಿ, ಮುಗೀತು. ಕೇಳಲಾರದ ಹೊಟ್ಟ್ಯಾಗ ಇಟಗೊಂಡು ನಿಮಗ ಊಟಕ್ಕ ನೀಡಲೇನು?"

"ಇಲ್ಲ," ಎಂದೆ.

"ಮುಗೀತು," ಎಂದು ಅವಳು ಒಲೆಯ ಕಡೆ ತಿರುಗಿದಳು. ಆದರೆ ನನಗೆ ಮುಗಿಯಲಿಲ್ಲ. ಇಡೀ ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಂದು ಸಂಜೆ ಮಲ್ಲಿಗೆ ಬರಲಿಲ್ಲ. ಮರುದಿನವೂ ಇಲ್ಲ. ನಲ್ಲಿಯ ಹತ್ತಿರ ಇವಳು ಹೋದರೆ ಅಕ್ಕ ಅರ್ಧ ತುಂಬಿದ ಕೊಡ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳಂತೆ. ನಾನೂ ಅಣ್ಣನೂ ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಂತು ಇನ್ನೊಬ್ಬರಿಗೆ ದಾರಿ ಬಿಡುತ್ತಿದ್ದೆವು. ಕಂಪನಿ ಕೊಟ್ಟದ್ದನ್ನು ತೆಗೆದುಕೊಂಡು, ಸಾಮಾನು ಕಟ್ಟಿ, ನಾವು ಊರಿನ ದಾರಿ ಹಿಡಿದೆವು. ಅಣ್ಣ ಟೆಂಪೊ ಬರುವವರೆಗೂ ಬಾಗಿಲಲ್ಲಿ ನಿಂತಿದ್ದರು. ಗ್ಯಾಸ್ ಸಿಲಿಂಡರ್ ಎತ್ತಿಕೊಟ್ಟರು.

ಊರಲ್ಲಿ ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಅದು ಅವರ ದೊಡ್ಡತನವೋ, ಎಲ್ಲ ಮೊದಲೇ ಗೊತ್ತಿತ್ತೆಂಬ ಗತ್ತೋ ಹೇಳಲಾರೆ. ನಾನು ಹಿಟ್ನಾಳ ಕ್ರಾಸಿನ ಹತ್ತಿರ ಹೆದ್ದಾರಿಯ ಪಕ್ಕದ ಒಂದು ಗ್ಯಾರೇಜಿನಲ್ಲಿ ಸೇರಿಕೊಂಡು ಅಲ್ಲೇ ಮನೆ ಮಾಡಿದೆ. ಅಪಘಾತವಾದ ಕಾರುಗಳ ಮೈ ಸರಿಮಾಡುವ ಕೆಲಸ. ಹೆಂಡತಿಗೆ ತವರು ಹತ್ತಿರವಾಯಿತು. ವರ್ಷಗಳು ಹೋದವು. ಆದರೆ ನನ್ನ ಸ್ವಭಾವ ಕೆಟ್ಟುಹೋಗಿತ್ತು. ಗ್ಯಾರೇಜಿನ ಮಾಲೀಕ ಯಾರೊಡನೆಯೋ ದನಿ ತಗ್ಗಿಸಿ ಮಾತಾಡಿದರೆ ಗ್ಯಾರೇಜು ಮಾರುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ. ಕುಷ್ಟಗಿಯಿಂದ ನೆಂಟರು ಹೇಳದೇ ಬಂದರೆ, ಹೋಗುವವರೆಗೂ ಯಾಕೆ ಬಂದರು ಎಂದು ಯೋಚಿಸುತ್ತಿದ್ದೆ. ಅವರು ಬಂದಿದ್ದು ಬರೀ ಊಟಕ್ಕೆ ಎಂದು ಗೊತ್ತಾದರೂ ಸಮಾಧಾನವಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಫೋನ್ ಬಂತು. "ಏನಪಾ ತಮ್ಮಾ, ಊಟ ಆತೇನು?"

ದನಿ ಗುರುತು ಸಿಕ್ಕಿತು. ಅಣ್ಣ, ಅಕ್ಕನ ಜೊತೆ ಅಂಜನಾದ್ರಿ ಬೆಟ್ಟಕ್ಕೆ ಬರುತ್ತಿದ್ದಾರಂತೆ. ಹನುಮಪ್ಪನಿಗೆ ಹರಕೆ ಇದೆಯಂತೆ. ನಿಮ್ಮ ಮನೆಗೂ ಬರಬಹುದೇ ಎಂದು ಕೇಳಿದರು.

"ಬರ್ರಿ ಅಣ್ಣಾ," ಎಂದೆ. ಫೋನಿಟ್ಟ ಮೇಲೆ ಹೆಂಡತಿಗೆ, "ಈಗ್ಯಾಕ ಬರಾಕತ್ತ್ಯಾರ?" ಎಂದೆ.

"ಹನುಮಪ್ಪನ ಹರಕಿ ಅಂದ್ರಲ್ಲ."

"ಅವರ ಕಡೆ ಹನುಮಪ್ಪನ ಗುಡಿ ಇಲ್ಲೇನು?"

"ಯಾಕ ಬಂದ್ರ ಏನ್ರಿ? ಅಕ್ಕ ಬರತಾಳ, ನನಗಷ್ಟ ಸಾಕು," ಎಂದು ಅವಳು ರೊಟ್ಟಿಗೆ ಹಿಟ್ಟು ಬೀಸಿಸಲು ಜೋಳ ತೆಗೆದಳು.

ಅವರು ಬಂದರು. ಅಣ್ಣನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಕ್ಕ ಬಾಗಿಲಲ್ಲೇ ನನ್ನ ಹೆಂಡತಿಯನ್ನು ತಬ್ಬಿಕೊಂಡು ತೆಲುಗಿನಲ್ಲಿ ಏನೇನೋ ಹೇಳಿ ಅತ್ತಳು. ಇವಳೂ ಅತ್ತಳು. ನಾವಿಬ್ಬರೂ ಗಂಡಸರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತ ಕುಳಿತೆವು. ಊಟವಾಯಿತು. ಅಣ್ಣ ಶೇಂಗಾ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡರು. ಎಲೆ ಅಡಿಕೆ ಹಾಕಿಕೊಂಡ ಮೇಲೆ ಅವರೇ ಮಾತು ತೆಗೆದರು.

"ನಾ ಈಗ ಬಂದರಿನ್ಯಾಗ ಕೆಲಸ ಮಾಡ್ತೀನಿ. ಬ್ಯಾರೆ ಕಂಪನಿ ಕಾರು ಹಡಗಿನೊಳಗ ಒಯ್ದು ನಿಲ್ಲಸೂದು. ಅಲ್ಲಿ ಒಂದು ಮಾತು ಗೊತ್ತಾತು ತಮ್ಮಾ. ಹಡಗು ಹೇಳಿದ ದಿನಕ್ಕ ಬರೂದಿಲ್ಲ. ಕೆಲವು ಸಲ ತಡ, ಕೆಲವು ಸಲ ಮೊದಲು. ಸಮುದ್ರದಾಗ ಗಾಳಿ ಕೆಟ್ಟರ ಲಗೂನ ಬಂದು, ತುಂಬಿಕೊಂಡು ಹೋಗಿಬಿಡ್ತಾವು. ಆವಾಗ ಲಾರಿಯವರನ್ನ ಎಲ್ಲಿದ್ರ ಅಲ್ಲಿಂದ ಕರೀತಾರ."

ನಾನು ಅಡಿಕೆಯ ತಟ್ಟೆಯನ್ನು ಅವರ ಕಡೆ ಸರಿಸಿದೆ.

"ಆವತ್ತೂ ಹಂಗ ಆಗಿತ್ತು. ಹಡಗು ಮೊದಲ ಬಂದಿತ್ತು. ಆವತ್ತು ಲಾರಿ ಹೊಡೆದಾಂವ ಒಬ್ಬ ನನಗ ಬಂದರಿನ್ಯಾಗ ಸಿಕ್ಕ. ಅವನ ಹೇಳಿದ. ನಾವು ಅಡ್ಡ ಕೂಡೂದು ಕಂಪನಿಯವರಿಗೆ ಗೊತ್ತ ಇರಲಿಲ್ಲ. ಯಾರೂ ಹೇಳಿರಲಿಲ್ಲ ತಮ್ಮಾ. ಯಾರೂ."

ಇಷ್ಟು ವರ್ಷ ಹೊತ್ತದ್ದು ಇಳಿಯಬೇಕಿತ್ತು. ಇಳಿಯಲಿಲ್ಲ. ಮೊದಲು ಬಂದದ್ದು ಸಿಟ್ಟು. ಸಿಟ್ಟಿನ ಬೆನ್ನಿಗೇ ಇನ್ನೊಂದು ಯೋಚನೆ: ಇದನ್ನು ಹೇಳಲು ಇಷ್ಟು ದೂರ ಬರಬೇಕೆ? ತಾನು ಮಾಡಿದ್ದನ್ನು ಹಡಗಿನ ಮೇಲೆ ಹಾಕುತ್ತಿರಬಹುದೇ?

ಕೇಳಿಯೇ ಬಿಟ್ಟೆ. "ಅಣ್ಣಾ, ನನ್ನ ಮ್ಯಾಲೆ ಸಂಶಯ ಇತ್ತೇನು ನಿಮಗ?"

"ಇತ್ತು," ಎಂದರು. ಎಲೆಯ ರಸ ನುಂಗಿ, "ಭಾಳ ಇತ್ತು. ನಾ ಹೇಳಿದ್ದು ನಿನಗೊಬ್ಬಗ. ಮತ್ಯಾರ ಮ್ಯಾಲೆ ಇಡಲಿ? ಅದಕ್ಕ ಆವತ್ತು ನನ್ನ ಬಾಯಿ ಏಳಲಿಲ್ಲ. ನಿನಗ ನನ್ನ ಮ್ಯಾಲೆ?"

"ನನಗೂ ಇತ್ತು. ಚಹಾದ ಅಂಗಡ್ಯಾಗ ಮ್ಯಾನೇಜರ್ ಕೂಡ ನಿಂತಿದ್ರಲ್ಲ."

ಅಣ್ಣ ನೆನಪು ಮಾಡಿಕೊಂಡರು. "ಅವನ ತಾಯಿಗೆ ಮನಿ ಬಾಡಿಗಿ ಬೇಕಿತ್ತು. ನೀ ಖಾಲಿ ಮಾಡ್ತೀಯೇನು ಅಂತ ಕೇಳಾಕತ್ತಿದ್ದ. ನಾ ಇಲ್ಲ ಅಂದೆ." ಆಮೇಲೆ ನನ್ನ ಕಡೆ ತಿರುಗಿ, "ಖರೇವಾಗ್ಲೂ ಊರ ಹೆಸರಿಗೇ ಕರೆದಿದ್ರೇನು ನಿನ್ನ?" ಎಂದರು.

ನಾನು ಎದ್ದು ಹೋಗಿ ಅವರನ್ನು ಬೈಕಿನಲ್ಲಿ ಕೂಡಿಸಿಕೊಂಡೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಯಲಬುರ್ಗಾ ದಾಟಿ ನಮ್ಮೂರಿನ ಹತ್ತಿರ, ರಸ್ತೆಯ ಬದಿಗೆ ಊರಿನ ಹೆಸರು ಬರೆದ ಹಳದಿ ಕಲ್ಲಿನ ಮುಂದೆ ನಿಲ್ಲಿಸಿದೆ. ಅಣ್ಣನಿಗೆ ಕನ್ನಡ ಓದಲು ಬಾರದು. ನಾನು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ. ಅವರು ಸುತ್ತಲಿನ ಕಡಲೆ ಹೊಲಗಳನ್ನು ಕಣ್ಣು ಕಿರಿದು ಮಾಡಿ ನೋಡಿ, "ಸಮುದ್ರ ಇಲ್ಲ," ಎಂದರು. ಆಮೇಲೆ ಆ ಕಲ್ಲಿನ ಮೇಲೇ ಕೂತು, ಮೈ ಕುಲುಕುವಂತೆ ನಕ್ಕರು. ನನಗೂ ತಡೆಯಲಾಗಲಿಲ್ಲ.

ಅವರು ಬೆಟ್ಟ ಹತ್ತಿ, ಹರಕೆ ತೀರಿಸಿ, ಊರಿಗೆ ಹೋದರು. ಹೋದ ಮೇಲೆ, ನಾಚಿಕೆಯಿಲ್ಲದೆ ಬರೆಯುತ್ತೇನೆ, ನನ್ನ ಅನುಮಾನ ಮತ್ತೆ ತಲೆಯೆತ್ತಿತು. ಆ ಲಾರಿಯವನು ನಿಜವಾಗಿ ಇದ್ದಾನೆಯೇ? ಹೆಂಡತಿಗೆ ಹೇಳಲಿಲ್ಲ. ಕೆಲವು ದಿನಗಳಾದ ಮೇಲೆ ಅಣ್ಣ ಫೋನ್ ಮಾಡಿದರು.

"ತಮ್ಮಾ, ಇಲ್ಲಿ ಒಬ್ಬನ ಕೂಡ ಮಾತಾಡು. ನಿನ್ನ ತಲ್ಯಾಗ ಏನು ತಿರಗಾಕತ್ತೈತಿ ನನಗ ಗೊತ್ತೈತಿ."

ಒಂದು ಒರಟು ದನಿ ಬಂತು. ಆ ಊರಿನ ಭಾಷೆ ನನಗೆ ಮರೆತುಹೋಗುತ್ತಿತ್ತು. ಆದರೂ ತಿಳಿಯಿತು. ಅದು ಆ ಲಾರಿಯವನದು; ನಮ್ಮ ಧರಣಿಯ ಮಾತು ಬಿಟ್ಟು ಅವನು ತನ್ನ ಊಟದ ಮಾತನ್ನೇ ಎತ್ತಿದ. ಆವತ್ತು ಅವನು ಮೀನಿನ ಸಾರು ಹಾಕಿಕೊಂಡು ಉಣ್ಣಲು ಕೂತಿದ್ದನಂತೆ. ಮೊದಲ ತುತ್ತು ಎತ್ತುವುದರಲ್ಲಿ, ಹಡಗು ಮೊದಲೇ ಬಂದಿದೆ ಏಳು ಎಂದು ಎಬ್ಬಿಸಿ ಓಡಿಸಿದರಂತೆ. ಕೆಲಸ ಮುಗಿಸಿ ಬರುವಷ್ಟರಲ್ಲಿ ಮನೆಯಲ್ಲಿ ಬೆಕ್ಕು ಎಲ್ಲ ತಿಂದಿತ್ತಂತೆ. ಅದನ್ನು ಹೇಳುವಾಗ ಅವನಿಗೆ ಈಗಲೂ ಸಿಟ್ಟು ಬರುತ್ತಿತ್ತು. ಬಂದರಿನವರನ್ನೂ ಕಂಪನಿಯವರನ್ನೂ ಬೆಕ್ಕನ್ನೂ ಸೇರಿಸಿ ಬೈದ.

ನಾನು ಗ್ಯಾರೇಜಿನ ಹೊರಗೆ ನಿಂತು ಪೂರ್ತಿ ಕೇಳಿದೆ. ಅವನ ಊಟ ಹಾಳಾದದ್ದಕ್ಕೆ ನನಗೆ ಬೇಜಾರಾಗಿದೆ ಎಂದು, ನನಗೆ ಬರುವಷ್ಟು ಅವರ ಭಾಷೆಯಲ್ಲಿ ಹೇಳಿದೆ. ನಿಜಕ್ಕೂ ಬೇಜಾರಾಗಿತ್ತು.